ಮೂರು ಮನೆ ಕೊಳಲು, ನಾಲ್ಕೂವರೆ ಮನೆ ನಾನು

ಜಾತ್ರೆಯಲ್ಲಿ ಸಿಗುವ ಕೊಳಲುಗಳಲ್ಲಿ ಎರಡು ಜಾತಿ. ಮಾರುವವನು ಊದುವುದು ಒಂದು, ನಾವು ದುಡ್ಡು ಕೊಟ್ಟು ತರುವುದು ಇನ್ನೊಂದು. ಬಸವನಗುಡಿಯ ಕಡಲೆಕಾಯಿ ಪರಿಷೆಯಲ್ಲಿ ಅವನ ಕೈಯಲ್ಲಿದ್ದಾಗ ಅಣ್ಣಾವ್ರ ಹಾಡುಗಳನ್ನು ನುಡಿಸುತ್ತಿದ್ದ ಬಿದಿರು, ನಮ್ಮ ಮನೆಗೆ ಬಂದ ಮೇಲೆ ಬರೀ ನಿಟ್ಟುಸಿರು ಬಿಟ್ಟಿತು. ಮಂದ್ರಕ್ಕಿಳಿದರೆ ಸ್ವರಕ್ಕಿಂತ ಗಾಳಿಯೇ ಜಾಸ್ತಿ. ಒಂದು ಸಂಜೆ ಕೆಳಗಿನ ಮನೆಯಾಕೆ ಮೆಟ್ಟಿಲು ಹತ್ತಿ ಬಂದು, "ಸಿಲಿಂಡರ್ ಸ್ವಲ್ಪ ನೋಡ್ಕೊಳ್ಳಿ, ಗ್ಯಾಸ್ ಲೀಕ್ ಆಗೋ ಶಬ್ದ ಬರ್ತಿದೆ" ಅಂದರು. "ಗ್ಯಾಸ್ ಅಲ್ಲ ರೀ, ನಮ್ಮನೆಯವರು" ಎಂದು ನನ್ನವಳು ಸಮಾಧಾನ ಹೇಳಿ ಕಳಿಸಿದಳು.

ಕೊಳಲಿನ ಮಾಂತ್ರಿಕ ಟಿ.ಆರ್. ಮಹಾಲಿಂಗಂ, ಅಂದರೆ ಮಾಲಿಯವರು, ಗುರುವಿಲ್ಲದೆ ತಾವೇ ಕೊಳಲು ಹಿಡಿದು ಕಲಿತವರೆಂದು ಓದಿ ಧೈರ್ಯ ತಂದುಕೊಂಡೆ. ಏಳನೇ ವಯಸ್ಸಿಗೇ ಮೈಲಾಪುರದಲ್ಲಿ ಕಚೇರಿ ಕೊಟ್ಟರು ಎಂಬ ಮುಂದಿನ ಸಾಲನ್ನು ಮಾತ್ರ ಮನಸ್ಸಿಗೆ ಹಚ್ಚಿಕೊಳ್ಳಲಿಲ್ಲ. ನನಗಾಗ 41.

ಆಮೇಲೆ ವಾದ್ಯದಂಗಡಿಯಿಂದ ಒಂದು ಒಳ್ಳೆಯ ಬಾನ್ಸುರಿ ತಂದೆ. ತಲೆಯ ಹತ್ತಿರ ಅದರ ಶ್ರುತಿ 'ಇ' ಎಂದು ಕೆತ್ತಿತ್ತು. ಯೂಟ್ಯೂಬಿನಲ್ಲಿ ಒಬ್ಬ ಗುರುಗಳನ್ನೂ ಹುಡುಕಿಕೊಂಡೆ. ಶಾಂತ ಸ್ವಭಾವದವರು, ಎಷ್ಟು ಸಲ ಹಿಂದಕ್ಕೆ ಓಡಿಸಿದರೂ ಬೇಜಾರಿಲ್ಲದೆ ಅದೇ ಪಾಠ ಹೇಳುತ್ತಿದ್ದರು. ಅವರ ಕೈಯಲ್ಲಿದ್ದದ್ದು ಎಂಟು ತೂತಿನ ಕರ್ನಾಟಕ ಶೈಲಿಯ ವೇಣು, ನನ್ನದು ಆರು ತೂತಿನ ಹಿಂದೂಸ್ತಾನಿ. ಅಷ್ಟು ಸೂಕ್ಷ್ಮ ಯಾರು ನೋಡುತ್ತಾರೆ? ಅವರು ಮೇಲಿನ ಎರಡು ತೂತು ಮುಚ್ಚಿ ಸಾ ಎಂದರು, ನಾನೂ ಮುಚ್ಚಿದೆ. ಬಾನ್ಸುರಿಯಲ್ಲಿ ಸಾ ಹುಟ್ಟುವುದು ಮೂರು ತೂತು ಮುಚ್ಚಿದಾಗ. ಮನೆಯಲ್ಲಿ ಒಬ್ಬನೇ ಊದುವಾಗ ಇದು ಗೊತ್ತಾಗುವ ದಾರಿಯೇ ಇರಲಿಲ್ಲ. ನಾನು ಸಾ ಎಂದದ್ದೇ ಸಾ.

ಹೀಗಿರುವಾಗ ನಮ್ಮ ಬಡಾವಣೆಯ ಸುಗಮ ಸಂಗೀತ ತಂಡದಲ್ಲಿ ಕೊಳಲಿನ ಜಾಗ ಖಾಲಿಯಾಯಿತು. ತಬಲಾಕ್ಕೆ ನಿವೃತ್ತ ಮೇಷ್ಟ್ರೊಬ್ಬರು, ಕೀಬೋರ್ಡಿಗೆ ಇಂಜಿನಿಯರಿಂಗ್ ಓದುವ ಹುಡುಗ, ಹಾಡಲು ಬ್ಯಾಂಕಿನ ಮೇಡಂ. ಮೊದಲ ರಿಹರ್ಸಲ್‌ನಲ್ಲಿ ಹುಡುಗ, "ಅಂಕಲ್, ಯಾವ ಸ್ಕೇಲು?" ಅಂದ. ಕೊಳಲಿನ ಮೇಲಿದ್ದದ್ದನ್ನು ಓದಿ, "ಇ" ಅಂದೆ. ಹುಡುಗ ಇ ಹಿಡಿದ, ಮೇಡಂ ಇ ಹಿಡಿದರು, ನಾನು ಎಫ್ ಶಾರ್ಪ್‌ನಲ್ಲಿ ಕಣ್ಣು ಮುಚ್ಚಿ ತನ್ಮಯನಾದೆ. ಹಾರ್ಮೋನಿಯಂ ಮನೆಗಳ, ಅಂದರೆ ಕೀಲಿಗಳ, ಲೆಕ್ಕದಲ್ಲಿ ಅವರು ಮೂರು ಮನೆ, ನಾನು ನಾಲ್ಕೂವರೆ ಮನೆ. ಕಣ್ಣು ಬಿಟ್ಟಾಗ ಎಲ್ಲರೂ ನಿಲ್ಲಿಸಿದ್ದರು.

"ಏನಪ್ಪಾ, ನಿನ್ನ ಸಾ ಎಲ್ಲಿದೆ?" ಎಂದರು ಮೇಷ್ಟ್ರು.

"ಇಲ್ಲೇ ಇದೆ ಸಾರ್" ಎಂದು ತೋರಿಸಿದೆ.

"ಅದು ರಿಷಭ ಕಣಪ್ಪಾ."

"ಬಿಡಿ ಸಾರ್, ಟ್ರಾನ್ಸ್‌ಪೋಸ್ ಒತ್ತುತೀನಿ" ಎಂದು ಹುಡುಗ ಗುಂಡಿ ಒತ್ತಿ ಎರಡು ಸೆಕೆಂಡಿನಲ್ಲಿ ನನ್ನ ಮನೆಗೇ ಬಂದ. ಮೇಡಂಗೆ ಅಂಥ ಗುಂಡಿಯಿಲ್ಲವಲ್ಲ! ಚರಣದ ತಾರಸ್ಥಾಯಿಗೆ ಬಂದಾಗ ಅವರ ಮುಖ ಕೆಂಪಾಯಿತು. "ನಂಗೆ ಅಷ್ಟು ಮೇಲೆ ಹೋಗಕ್ಕಾಗಲ್ಲ, ಸಾರ್‌ಗೆ ಬೇರೆ ಕೊಳಲು ತರೋಕೆ ಹೇಳಿ" ಅಂದರು. ಕಚೇರಿಗಳಲ್ಲಿ ಕೊಳಲಿನವರು ಚೀಲದ ತುಂಬ ಕೊಳಲು ಹೊತ್ತು ಬರುವುದು ಶೋಕಿಗೆ ಎಂದುಕೊಂಡಿದ್ದೆ. ತಂತಿಯಾದರೆ ಬಿಗಿಯಬಹುದು, ಬಿದಿರನ್ನು ಎಲ್ಲಿ ಬಿಗಿಯುವುದು? ಶ್ರುತಿಗೊಂದು ಕೊಳಲು ಬೇಕು. ಆ ತಿಂಗಳ ಸಂಬಳದಲ್ಲಿ ಎಷ್ಟು ಶ್ರುತಿಗೆ ಹೋಯಿತೆಂಬುದು ನನ್ನವಳಿಗೆ ಈಗಲೂ ಗೊತ್ತಿಲ್ಲ.

ಶ್ರುತಿಯಾದರೂ ದುಡ್ಡಿಗೆ ಸಿಕ್ಕಿತು, ತಾಳ ಸಿಗಲಿಲ್ಲ. ಒಬ್ಬನೇ ಕಲಿಯುವವನ ದೊಡ್ಡ ಸುಖವೆಂದರೆ ತಾಳ ಅವನಿಗಾಗಿ ಕಾಯುತ್ತದೆ. ಉಸಿರು ಮುಗಿದಾಗ ನಿಲ್ಲಿಸಿ, ಗಾಳಿ ಎಳೆದುಕೊಂಡು, ಬೇಕಾದರೆ ಒಂದು ಗುಟುಕು ಕಾಫಿ ಕುಡಿದು ಮುಂದುವರಿಯಬಹುದು. ಎಂಟು ಮಾತ್ರೆಯ, ಅಂದರೆ ಎಂಟು ಎಣಿಕೆಯ, ಕೆಹರ್ವಾ ತಾಳ ನಮ್ಮ ಮನೆಯಲ್ಲಿ ಸಾಮಾನ್ಯವಾಗಿ ಎಂಟೂವರೆ, ನೆಗಡಿಯಾದ ದಿನ ಹತ್ತು. ಹಾಡಿನ ನಡುವೆ ಕೊಳಲಿಗೆ ಬಿಟ್ಟ ತುಣುಕುಗಳಲ್ಲಿ, ಅಂದರೆ ಬಿಟ್‌ಗಳಲ್ಲಿ, ಎರಡನೆಯದನ್ನು ಊದಿ ಮುಗಿಸುವಷ್ಟರಲ್ಲಿ ಮೇಷ್ಟ್ರ ಕೈ ತಬಲಾದ ಮೇಲೆ ನಿಂತಿತು.

"ಒಂದು ಮಾತ್ರೆ ಎಲ್ಲಿ ಬಿಟ್ಟೆ?"

"ಉಸಿರು ತಗೊಂಡೆ ಸಾರ್."

"ತಗೋ. ನನ್ನ ಮಾತ್ರೆಯಲ್ಲಿ ತಗೋಬೇಡ."

ಅಂದಿನಿಂದ ಹಾಡಿನ ಪುಸ್ತಕದಲ್ಲಿ ಉಸಿರೆಳೆಯುವ ಜಾಗಗಳಿಗೆ ಕೆಂಪು ಪೆನ್ನಿನಲ್ಲಿ ಗುರುತು ಹಾಕತೊಡಗಿದೆ. ಊದುವುದಕ್ಕಿಂತ ಸುಮ್ಮನಿರುವುದೇ ಕಷ್ಟವೆಂದು ಆಗ ತಿಳಿಯಿತು. ಮೇಡಂ ಹಾಡುವಾಗ ನಡುನಡುವೆ ಕುಕ್ಕುವ ನನ್ನ ಚಟವನ್ನು ಮೇಷ್ಟ್ರು ಬರೀ ಹುಬ್ಬಿನಿಂದಲೇ ಬಿಡಿಸಿದರು. ಕ್ರಮೇಣ ತಾಳದ ಮೊದಲ ಪೆಟ್ಟಾದ ಸಮಕ್ಕೆ ಸರಿಯಾಗಿ ಬಂದು ಕೂರುವುದೂ ಅಭ್ಯಾಸವಾಯಿತು. ಒಮ್ಮೆ ಇಡೀ ಹಾಡು ಎಲ್ಲೂ ನಿಲ್ಲದೆ ಮುಗಿದಾಗ, ಏನೋ ತಪ್ಪಾಗಿರಬೇಕೆಂದು ನಾಲ್ವರೂ ಪರಸ್ಪರ ಮುಖ ನೋಡಿಕೊಂಡೆವು.

ನವೆಂಬರ್ ಬಂತು. ರಾಜ್ಯೋತ್ಸವ ಒಂದನೇ ತಾರೀಖಿನ ಹಬ್ಬವಾದರೂ ನಮ್ಮಲ್ಲಿ ಅದು ತಿಂಗಳಿಡೀ ನಡೆಯುತ್ತದೆ, ಪೆಂಡಾಲು ಸಿಗದಿದ್ದರೆ ಡಿಸೆಂಬರಿನಲ್ಲೂ. ನಮ್ಮ ಸರದಿ ಬಂದ ರಾತ್ರಿ ಗಡಗಡ ಚಳಿ. ಗಾಳಿ ತಣ್ಣಗಾದರೆ ಕೊಳಲಿನ ಶ್ರುತಿ ಇಳಿಯುತ್ತದೆ, ಡಿಗ್ರಿಗೆ ಸುಮಾರು 3 ಸೆಂಟಿನಷ್ಟು. ಇಂಥ 100 ಸೆಂಟು ಸೇರಿದರೆ ಅರ್ಧ ಸ್ವರ. ಕೀಬೋರ್ಡಿಗೆ ಚಳಿಯೂ ಇಲ್ಲ, ನೆಗಡಿಯೂ ಇಲ್ಲ. ಆದ್ದರಿಂದ ಸರದಿ ಬರುವ ತನಕ ಕೊಳಲನ್ನು ಕಂಕುಳಲ್ಲಿ ಸಿಕ್ಕಿಸಿಕೊಂಡು ಕಾವು ಕೊಡುತ್ತ ಕೂತಿದ್ದೆ. ಜ್ವರ ನೋಡಿಕೊಳ್ಳುತ್ತಿದ್ದಾರೆಂದು ತಿಳಿದ ಸ್ವಯಂಸೇವಕನೊಬ್ಬ ಬಿಸಿನೀರು ತಂದುಕೊಟ್ಟ.

ಎಲ್ಲ ಸಿದ್ಧತೆ ಮಾಡಿದ್ದೆ, ಫ್ಯಾನು ಲೆಕ್ಕದಲ್ಲಿರಲಿಲ್ಲ. ಅಷ್ಟು ಚಳಿಯಲ್ಲೂ ಮುಖ್ಯ ಅತಿಥಿಗಳಿಗೆ ಸೆಖೆಯಾಗಿ, ಯಾರೋ ಒಂದು ದೈತ್ಯ ಪೆಡೆಸ್ಟಲ್ ಫ್ಯಾನನ್ನು ತಂದು ವೇದಿಕೆಯ ಪಕ್ಕ ನಿಲ್ಲಿಸಿದರು. ಕೊಳಲು ನುಡಿಯುವುದು ತುಟಿಯಿಂದ ಹೊರಟ ತೆಳ್ಳನೆಯ ಗಾಳಿ ತೂತಿನ ಅಂಚಿಗೆ ಬಡಿದಾಗ. ಅಡ್ಡದಿಂದ ಇನ್ನೊಂದು ಗಾಳಿ ಬಂದರೆ ತುಟಿಯ ಗಾಳಿ ಅಂಚಿಗೆ ಮುಟ್ಟುವುದೇ ಇಲ್ಲ. ಎರಡನೇ ಚರಣದ ಮುಂಚಿನ ಬಿಟ್‌ಗೆ ಸರಿಯಾಗಿ, ಕೆಂಪು ಗುರುತಿನಲ್ಲೇ ಉಸಿರೆಳೆದು, ಮೂರು ತೂತು ಮುಚ್ಚಿ ಊದಿದೆ. ಫ್ಯಾನು ನನ್ನ ಕಡೆ ತಿರುಗಿತು. ಸ್ವರ ಮಾಯ! ಸೌಂಡಿನವನು ನನ್ನ ಮೈಕು ಏರಿಸಿದ. ಇಡೀ ಬಡಾವಣೆಗೆ 'ಫೂ' ಎಂದು ಕೇಳಿಸಿತು.

ಅಷ್ಟರಲ್ಲಿ ಎಲ್ಲಿಂದಲೋ ಅದ್ಭುತವಾದ ಕೊಳಲಿನ ನಾದ ತೇಲಿ ಬಂತು. ನೋಡಿದರೆ ಹುಡುಗ ಕೀಬೋರ್ಡಿನ ಮೇಲೆ ಎಡಗೈಯಲ್ಲಿ ಹಾಡಿನ ಸ್ವರಗುಚ್ಛ, ಬಲಗೈಯಲ್ಲಿ ನನ್ನ ಬಿಟ್. ನಾನು ಕೊಳಲು ಕೆಳಗಿಳಿಸದೆ ತಲೆಯಾಡಿಸುತ್ತ, ಬೆರಳು ಕುಣಿಸುತ್ತ ಕೂತೆ. ಒಬ್ಬನೇ ಕಲಿಯುತ್ತಿದ್ದಾಗ ಈ ಪಾಠ ಯಾವ ವಿಡಿಯೋದಲ್ಲೂ ಸಿಕ್ಕಿರಲಿಲ್ಲ.

ಕಾರ್ಯಕ್ರಮ ಮುಗಿದ ಮೇಲೆ ಸಂಘದ ಅಧ್ಯಕ್ಷರು ನನ್ನನ್ನೇ ಕರೆದು ಶಾಲು ಹೊದಿಸಿ, ಹಣ್ಣಿನ ಬುಟ್ಟಿ ಕೈಗಿಟ್ಟು, "ಎರಡನೇ ಚರಣದ ಮುಂಚೆ ಊದಿದ್ರಲ್ಲ, ಕಣ್ಣಲ್ಲಿ ನೀರು ಬಂತು ಸಾರ್" ಅಂದರು. ಕೈಮುಗಿದೆ. ಇನ್ನೇನು ಮಾಡಲಿ?

ವೇದಿಕೆಯ ಹಿಂದೆ ವೈರು ಸುತ್ತುತ್ತಿದ್ದ ಹುಡುಗ ತಲೆಯೆತ್ತದೆ ಹೇಳಿದ: "ಅಂಕಲ್, ಶಾಲು ನೀವಿಟ್ಕೊಳ್ಳಿ. ಬುಟ್ಟಿ ಈ ಕಡೆ ಕೊಡಿ."