ಮಗ ಜರ್ಮನೀಲಿದ್ದರೆ ಅಮ್ಮನ ಹಲ್ಲಿಗೆಷ್ಟು?

ಅಮ್ಮನ ಕೆಳದವಡೆಯ ಬ್ರಿಡ್ಜ್, ಅಂದರೆ ಅಕ್ಕಪಕ್ಕದ ಹಲ್ಲು ಅರೆದು ಅವಕ್ಕೆ ಕ್ಯಾಪ್ ಹಾಕಿ ನಡುವಿನ ಖಾಲಿ ಜಾಗಕ್ಕೆ ಕೂರಿಸಿದ ಕಟ್ಟುಹಲ್ಲು, ಅಲ್ಲಾಡತೊಡಗಿ, ಶಿವಮೊಗ್ಗದಲ್ಲಿ ಹೊಸದಾಗಿ ಶುರುವಾದ ಗಾಜಿನ ಬಾಗಿಲಿನ ಕ್ಲಿನಿಕ್ಕಿಗೆ ಹೋಗಿದ್ದಳು. ಡಾಕ್ಟ್ರು ಎಕ್ಸ್‌ರೇ ತೆಗೆಸಿ, "ಮಕ್ಕಳೆಲ್ಲಿದಾರಮ್ಮ?" ಅಂದರಂತೆ. "ಮಗ ಜರ್ಮನೀಲಿದಾನೆ" ಅಂದಿದ್ದೇ ತಡ, "ಮತ್ಯಾಕೆ ಯೋಚ್ನೆ! ಇದನ್ನ ತೆಗೆದು ಮೂಳೆಗೇ ಸ್ಕ್ರೂ ಕೂರಿಸಿ ಎರಡು ಇಂಪ್ಲಾಂಟ್ ಹಲ್ಲು ಹಾಕಿಬಿಡೋಣ. ಎಲ್ಲಾ ಸೇರಿ 1 ಲಕ್ಷದ 20 ಸಾವಿರ ಆಗತ್ತೆ." ಫೋನಿನಲ್ಲಿ ಇದನ್ನು ಹೇಳುವಾಗ ಅಮ್ಮನ ದನಿಯಲ್ಲಿ ಒಂಚೂರು ಹೆಮ್ಮೆಯೂ ಇತ್ತು. ನನಗೆ ಮೈಯೆಲ್ಲ ಉರಿಯಿತು. ಅಮ್ಮನ ಶುಗರ್ ಎಷ್ಟಿದೆ ಅಂತ ಆ ಮನುಷ್ಯ ಕೇಳಿಲ್ಲ. ಮಗ ಎಲ್ಲಿದಾನೆ ಅಂತ ಕೇಳಿದ್ದಾರೆ.

ನನ್ನ ಬ್ರಿಡ್ಜ್ ಇಲ್ಲಿ ಸ್ಟುಟ್‌ಗಾರ್ಟಿನಲ್ಲಿ ಕೈಕೊಟ್ಟಿದ್ದು 2021ರಲ್ಲಿ. ಬಲಗಡೆ ಕೆಳಗೆ, ದಂತವೈದ್ಯರ ಎಣಿಕೆಯಲ್ಲಿ 45ನೇ ನಂಬರಿನಿಂದ 47ರವರೆಗೆ ಮೂರು ಹಲ್ಲಿನದು. ಹಿಂದಿನ ಕ್ಯಾಪಿನೊಳಗೆ ಸಿಮೆಂಟ್ ಕರಗಿ, ಹಲ್ಲು ಹುಳುಕಾಗಿ, ಒತ್ತಿದರೆ ಕೆಟ್ಟ ರುಚಿ ಬರುತ್ತಿತ್ತು. ಡಾಕ್ಟರಮ್ಮ ಕೆಲಸಕ್ಕೆ ಕೈ ಹಾಕುವ ಮೊದಲು ಒಂದು ಹಾಳೆ ಕೈಗಿತ್ತರು. ಹೈಲ್ ಉಂಟ್ ಕೋಸ್ಟನ್‌ಪ್ಲಾನ್ ಅಂತ ಅದರ ಹೆಸರು, ಚಿಕಿತ್ಸೆ ಮತ್ತು ಖರ್ಚಿನ ಪಟ್ಟಿ. ಬಾಯಿಯಲ್ಲಿರುವ ಅಷ್ಟೂ ಹಲ್ಲುಗಳ ನಂಬರು, ಪ್ರತಿ ನಂಬರಿಗೂ ಮೂರು ಸಾಲು. ಒಂದರಲ್ಲಿ ಈಗಿನ ಸ್ಥಿತಿ, ಇನ್ನೊಂದರಲ್ಲಿ ಇಲ್ಲಿನ ಸಾರ್ವಜನಿಕ ಆರೋಗ್ಯ ವಿಮೆಯ ಪ್ರಕಾರ ಎಷ್ಟು ಮಾಡಿದರೆ ಸಾಕು ಅನ್ನೋದು, ಮತ್ತೊಂದರಲ್ಲಿ ನಾವು ಮಾಡಿಸಿಕೊಳ್ಳೋದು. ಕೆಳಗಿನ ಹಿಂದಿನ ಹಲ್ಲುಗಳಿಗೆ ವಿಮೆಯ ಲೆಕ್ಕದಲ್ಲಿ ಬರೀ ಲೋಹ ಸಾಕು, ಬಿಳಿ ಬೇಕೆಂದರೆ ಮೇಲಿನ ದುಡ್ಡು ನಮ್ಮದು. ಆ ಸಾಕು ಅನ್ನುವ ಖರ್ಚಿನಲ್ಲಿ ವಿಮೆ ಕೊಡೋದು ಶೇ. 60. ಐದು ವರ್ಷ ತಪ್ಪದೆ ವರ್ಷಾವರ್ಷ ಹಲ್ಲು ತೋರಿಸಿ ಒಂದು ಪುಟ್ಟ ಪುಸ್ತಕದಲ್ಲಿ ಸೀಲ್ ಹಾಕಿಸಿಕೊಂಡಿದ್ದರೆ ಶೇ. 70, ಹತ್ತು ವರ್ಷವಾದರೆ ಶೇ. 75. ಇಂಪ್ಲಾಂಟೇ ಬೇಕೆಂದು ಹಟ ಹಿಡಿದರೂ ಕೊಡೋದು ಅಷ್ಟೇ ದುಡ್ಡು. ನಾನು ಸಹಿ ಮಾಡಿದೆ, ವಿಮೆಯವರು ತಮ್ಮ ಪಾಲು ಬರೆದು ಸೀಲ್ ಒತ್ತಿದರು, ಆಮೇಲೇ ಡ್ರಿಲ್ಲಿನ ಸದ್ದು. ಹಾಕಿದ ಮೇಲೆ ಎರಡು ವರ್ಷ ಡಾಕ್ಟರದೇ ಗ್ಯಾರಂಟಿ.

ನಮ್ಮಲ್ಲಿ ಇದೇಕಿಲ್ಲ? ಮದುವೆಮನೆಯ ಅಡುಗೆಭಟ್ಟರೂ ಬೆಲ್ಲ ಎಷ್ಟು, ತೊಗರಿಬೇಳೆ ಎಷ್ಟು ಅಂತ ಪಟ್ಟಿ ಬರೆದುಕೊಡ್ತಾರೆ. ಐದು ವರ್ಷ ಓದಿ ಬಂದ ದಂತವೈದ್ಯರಿಗೆ ಏನು ಕಷ್ಟ? ಓದಿಸುವ ಕಾಲೇಜಿಗೂ ಬರವಿಲ್ಲ. ಬೆಂಗಳೂರಿನ ಸರ್ಕಾರಿ ದಂತ ಕಾಲೇಜು 1958ರದು, ಮಣಿಪಾಲದ್ದು 1965ರದು, ಇನ್ನು ದಾವಣಗೆರೆಯೊಂದರಲ್ಲೇ ಎರಡಿವೆ.

ಇಂಪ್ಲಾಂಟ್ ಮಾರುವವರು ಬಾಯಿಬಿಡದ ಸಂಗತಿ ಒಂದಿದೆ. ಅಕ್ಕಪಕ್ಕದ ಹಲ್ಲು ಅರೆಯದೆ ಉಳಿಯತ್ತೆ ಅನ್ನೋದು ಇಂಪ್ಲಾಂಟಿನ ದೊಡ್ಡ ವಾದ ತಾನೆ? ಬ್ರಿಡ್ಜ್ ಇದ್ದವರ ಅಕ್ಕಪಕ್ಕದ ಹಲ್ಲು ಅರೆದು ಎಷ್ಟೋ ಕಾಲವಾಗಿರುತ್ತೆ. ನಡುವೆ ಇಂಪ್ಲಾಂಟ್ ಕೂರಿಸಿದರೂ ಆ ಎರಡಕ್ಕೆ ಹೊಸ ಕ್ಯಾಪ್ ಹಾಕಿಸಲೇಬೇಕು. ಹಾಗಾಗಿ ಬುಡದ ಹಲ್ಲು ಗಟ್ಟಿಯಿದೆಯೋ ಇಲ್ಲವೋ ಅನ್ನೋದೇ ಮೊದಲ ಪ್ರಶ್ನೆ. ಗಟ್ಟಿಯಿದ್ದು ಸಿಮೆಂಟ್ ಮಾತ್ರ ಬಿಟ್ಟಿದ್ದರೆ ತೊಳೆದು ಮತ್ತೆ ಅಂಟಿಸಬಹುದು. ಹುಳುಕಿದ್ದರೆ ಅದನ್ನು ತೆಗೆದು, ಬೇಕಾದರೆ ರೂಟ್ ಕೆನಾಲ್ ಮಾಡಿ, ಹೊಸ ಬ್ರಿಡ್ಜ್. ಒಸಡಿನ ಕೆಳಗೆ ಸೀಳಿದ್ದರೆ ಆ ಹಲ್ಲು ಕೀಳಬೇಕು. ಆಗ ಇಂಪ್ಲಾಂಟ್ ಮಾತು ಬರಲಿ, ತೆಗೆದು ಹಾಕುವ ಸೆಟ್ಟಿನ ಮಾತೂ ಜೊತೆಗೇ ಬರಲಿ. ಇಷ್ಟು ಹೇಳೋಕೆ ಐದು ನಿಮಿಷ ಸಾಕು.

ಅಮ್ಮ ಕೊನೆಗೆ ಹೋದದ್ದು ಗಾಂಧಿ ಬಜಾರಿನ ಕಡೆ, ಮಹಡಿ ಮೇಲಿರುವ ಹಳೇ ಡಾಕ್ಟರ ಹತ್ತಿರ. ಹೋದ ಸಂಜೆಯೇ ನೋಡಿದರು. ಮೆಲ್ಲಗೆ ತಟ್ಟಿ ಬ್ರಿಡ್ಜ್ ಬಿಡಿಸಿ, ಬುಡದ ಎರಡೂ ಹಲ್ಲು ಚೆನ್ನಾಗಿವೆ ಅಂತ ಕನ್ನಡಿಯಲ್ಲಿ ಅಮ್ಮನಿಗೇ ತೋರಿಸಿ, ಮತ್ತೆ ಅಂಟಿಸಿ 500 ರೂಪಾಯಿ ತಗೊಂಡರು. "ಶುಗರ್ ಇಳಿಸ್ಕೊಂಡು ಬನ್ನಿ, ಆಮೇಲೆ ನೋಡಣ. ಚಕ್ಲಿ ಬ್ಯಾಡ" ಅಂದರಂತೆ. ಹಾಗೆ ಕಾದು ನೋಡುವುದಕ್ಕೆ ಜರ್ಮನಿಯ ಹಾಳೆಯಲ್ಲಿ ಸಾಲಿಲ್ಲ, ಅದನ್ನು ಒಪ್ಪಲೇಬೇಕು.

ಇನ್ನೊಂದನ್ನೂ ಒಪ್ಪಬೇಕು, ಮನಸ್ಸಿಲ್ಲದಿದ್ದರೂ. ಸೀಲು, ಸಹಿ ಎಲ್ಲ ಮುಗಿದು ವಿಮೆಯ ಪಾಲು ಕಳೆದ ಮೇಲೂ ನನ್ನ ಜೇಬಿನಿಂದ ಹೋದದ್ದು 900 ಯೂರೋ, ಆಗಿನ ಲೆಕ್ಕದಲ್ಲಿ 75 ಸಾವಿರಕ್ಕೂ ಮೇಲೆ. ಅಂಥದೇ ಬ್ರಿಡ್ಜನ್ನು ಊರಲ್ಲಿ ಅದರ ಅರ್ಧಕ್ಕೆ ಮಾಡಿಕೊಡುತ್ತಿದ್ದರು. ಆಗಸ್ಟಿನಲ್ಲಿ ನಮ್ಮ ಡಾಕ್ಟರಮ್ಮ ರಜೆ ಹೋಗಿದ್ದರಿಂದ ವಾರಗಟ್ಟಲೆ ಎಡಗಡೆಯಲ್ಲೇ ಅಗಿದೆ. ಇಲ್ಲಿನ ನಮ್ಮವರು ಎಷ್ಟೋ ಜನ ಹಲ್ಲಿನ ಕೆಲಸವನ್ನೆಲ್ಲ ಊರಿನ ರಜೆಗೇ ಕಟ್ಟಿಡುವುದು ಸುಮ್ಮನೆ ಅಲ್ಲ. ನನ್ನ ಮೇಲ್ದವಡೆಯ ಹಲ್ಲೊಂದು ಈಗ ಜುಂ ಅನ್ನುತ್ತಿದೆ. ಡಿಸೆಂಬರಿನಲ್ಲಿ ಹೋದಾಗ ಅದೇ ಮಹಡಿ ಹತ್ತುತ್ತೇನೆ. ಬಾಯಿ ತೆರೆಯುವ ಮೊದಲು ಮಾತ್ರ, ಏನೇನು ಮಾಡ್ತೀರಿ, ಎಷ್ಟೆಷ್ಟಾಗತ್ತೆ ಅಂತ ಲೆಟರ್‌ಹೆಡ್ಡಿನಲ್ಲಿ ಬರೆಸಿಕೊಳ್ಳದೆ ಬಿಡುವುದಿಲ್ಲ.