ದಾವಣಗೆರೆಯಲ್ಲಿ ಒಂದು ಕೊಲೆ ಆಗಬೇಕು (ಕಾದಂಬರಿಯಲ್ಲಿ)

ನಾನು ಪತ್ತೇದಾರಿ ಕಾದಂಬರಿ ಓದುತ್ತೇನೆ. ಹೈಸ್ಕೂಲಿನಲ್ಲಿ ಹಿಡಿದ ಚಟ, ಕೂದಲು ಬೆಳ್ಳಗಾದರೂ ಬಿಟ್ಟಿಲ್ಲ. ಮನೆಗೆ ಬಂದವರು ಕಪಾಟು ನೋಡಿ, "ಇಷ್ಟೆಲ್ಲಾ ಓದ್ಕೊಂಡು ಇವನ್ನೂ ಓದ್ತೀರಾ?" ಅಂತ ಕೇಳುತ್ತಾರೆ. ಓದ್ತೀನಿ. ಕೊಲೆಗಾರ ಯಾರು ಅಂತ ಗೊತ್ತಿರುವುದನ್ನೂ ಮತ್ತೆ ಓದ್ತೀನಿ. ಅದಕ್ಕೆ ನಾಚಿಕೆಪಡುವ ವಯಸ್ಸು ದಾಟಿದೆ.

ನನ್ನ ತಕರಾರು ಬೇರೆ. ಇಷ್ಟು ವರ್ಷ ಓದಿದ ಮೇಲೂ ನಮ್ಮ ದಾವಣಗೆರೆಯಲ್ಲಿ ನೆಟ್ಟಗೆ ಒಂದು ಕೊಲೆ ನಡೆಯುವ ಕಾದಂಬರಿ ನನ್ನ ಕೈಗೆ ಸಿಕ್ಕಿಲ್ಲ. ಲಂಡನ್ನಿನ ಮಂಜಿನಲ್ಲಿ ಜನ ಸಾಯುತ್ತಾರೆ. ಬೆಂಗಳೂರಿನ ಬಂಗಲೆಯಲ್ಲಿ ಸಾಯುತ್ತಾರೆ. ಮಲೆನಾಡಿನ ಎಸ್ಟೇಟಿನಲ್ಲಂತೂ ಮಳೆ ಶುರುವಾದರೆ ಸಾಕು, ಒಂದು ಹೆಣ ಬಿದ್ದಿರುತ್ತದೆ. ಬಯಲುಸೀಮೆಯವರಿಗೆ ಮಾತ್ರ ಆ ಭಾಗ್ಯ ಇಲ್ಲ. ನಾವು ಸತ್ತರೆ ಬರದಿಂದ ಸಾಯಬೇಕು, ಸಾಲದಿಂದ ಸಾಯಬೇಕು, ಅದೂ ಗಂಭೀರ ಸಾಹಿತ್ಯದಲ್ಲಿ.

ಓದುಗರು ಇರಲಿಲ್ಲ ಅಂತ ಹೇಳಬೇಡಿ. ನಮ್ಮೂರು ಆಗ ಕಾಟನ್ ಮಿಲ್ಲುಗಳ ಊರು. ಪುಸ್ತಕ ಬಾಡಿಗೆಗೆ ಕೊಡುವ ಅಂಗಡಿಗಳಿದ್ದ ಕಾಲದಲ್ಲಿ ಅಲ್ಲಿ ನನ್ನಂಥ ಹುಡುಗರಿಗಿಂತ ಮಿಲ್ ಕೆಲಸಗಾರರು, ಅಂಗಡಿ ಗುಮಾಸ್ತರು, ಮನೆಗೆಲಸ ಮುಗಿಸಿ ಬಂದ ಹೆಂಗಸರೇ ಜಾಸ್ತಿ. ಅವರು ಕೇಳುತ್ತಿದ್ದದ್ದು ಎನ್. ನರಸಿಂಹಯ್ಯನವರನ್ನು. ಪ್ರೈಮರಿ ಸ್ಕೂಲು ದಾಟದ ಮನುಷ್ಯ ನೂರಾರು ಪತ್ತೇದಾರಿ ಕಾದಂಬರಿ ಬರೆದರು. ಅವರ ಪತ್ತೇದಾರ ಪುರುಷೋತ್ತಮನ ಹೆಸರು ಗೊತ್ತಿಲ್ಲದ ಓದುಗರು ಆಗ ಇರಲಿಲ್ಲ. ಪುಸ್ತಕ ನಮ್ಮ ಕೈಗೆ ಬರುವಷ್ಟರಲ್ಲಿ ರಟ್ಟು ಕಿತ್ತುಹೋಗಿರುತ್ತಿತ್ತು. ಯಾರೋ ಪುಣ್ಯಾತ್ಮ ಮೊದಲ ಪುಟದಲ್ಲೇ ಪೆನ್ಸಿಲ್ಲಿನಲ್ಲಿ ಕೊಲೆಗಾರನ ಹೆಸರು ಬರೆದಿಟ್ಟಿರುತ್ತಿದ್ದ. ಅದೂ ಒಮ್ಮೊಮ್ಮೆ ಬೇಕಂತಲೇ ತಪ್ಪು ಹೆಸರು! ಲೇಖಕನಿಗಿಂತ ದೊಡ್ಡ ಕಿಲಾಡಿ ಅವನು.

ಇನ್ನೊಬ್ಬರು ಮಾ. ರಾಮಮೂರ್ತಿ. ನವೆಂಬರ್ ಒಂದಕ್ಕೆ ನಾವೆಲ್ಲ ಹಾರಿಸುವ ಹಳದಿ ಕೆಂಪು ಬಾವುಟ ಅವರು ರೂಪಿಸಿದ್ದು ಅಂತ ಹಲವರಿಗೆ ಗೊತ್ತು. ಅವರು ಪತ್ತೇದಾರಿ ಕಾದಂಬರಿಕಾರರೂ ಆಗಿದ್ದರು ಅನ್ನೋದನ್ನ ಭಾಷಣಗಳಲ್ಲಿ ಯಾಕೋ ಯಾರೂ ಹೇಳುವುದಿಲ್ಲ. ಬಾವುಟದ ಘನತೆಗೆ ಕುಂದು ಅಂದುಕೊಂಡಿರಬೇಕು.

ಆ ಪುಸ್ತಕಗಳ ಮೇಲೆ ಪ್ರೀತಿ ಇದೆ ಅಂತ ಹೊಗಳಿಕೆಯನ್ನಷ್ಟೇ ಹೇಳಲಾರೆ. ಈಗ ಮತ್ತೆ ಓದಿದರೆ ಓಟ ಚೆನ್ನಾಗಿದೆ, ಊರೇ ಇಲ್ಲ. ನನ್ನ ಕೈಗೆ ಸಿಕ್ಕವುಗಳಲ್ಲಿ ಬಹಳಷ್ಟು ಕಥೆ ಯಾವ ಊರಲ್ಲಿ ಬೇಕಾದರೂ ನಡೆಯುತ್ತದೆ. ಒಂದು ಬಂಗಲೆ, ಒಂದು ಕಾರು, ಒಂದು ಹೋಟೆಲ್ ರೂಮು. ಊರಿನ ಹೆಸರು ಹೊಡೆದು ಬೇರೆ ಹೆಸರು ಬರೆದರೂ ಏನೂ ವ್ಯತ್ಯಾಸ ಆಗುವುದಿಲ್ಲ.

ನನಗೆ ಸಿಟ್ಟು ಬರುವುದು ಇಲ್ಲೇ. ಒಳ್ಳೆಯ ಪತ್ತೇದಾರಿ ಕಥೆಯಲ್ಲಿ ಸುಳಿವು ಹುಟ್ಟುವುದೇ ಊರಿನಿಂದ. ಅಗಾಥಾ ಕ್ರಿಸ್ಟಿ ಮೊದಲನೇ ಮಹಾಯುದ್ಧದ ಹೊತ್ತಿಗೆ ಆಸ್ಪತ್ರೆಯ ಔಷಧ ವಿಭಾಗದಲ್ಲಿ ಕೆಲಸ ಮಾಡಿದವರು. ಯಾವ ಔಷಧಿ ಎಷ್ಟು ಹಾಕಿದರೆ ವಿಷ ಆಗುತ್ತದೆ ಅಂತ ಅಲ್ಲಿ ಕಲಿತರು. 1920ರಲ್ಲಿ ಬಂದ ಅವರ ಮೊದಲ ಕಾದಂಬರಿಯ ಕೊಲೆ ನಿಂತಿರುವುದೇ ಆ ತಿಳಿವಳಿಕೆಯ ಮೇಲೆ. ಹೇಗೆ ಅಂತ ಹೇಳಲ್ಲ, ಓದದೇ ಇದ್ದವರ ಶಾಪ ಬೇಡ. ಆಮೇಲೆ ಅವರ ಹಳ್ಳಿಗಳು. ಪಕ್ಕದ ಮನೆಯವರು ಯಾವ ದಿನ ಪರದೆ ಬದಲಿಸಿದರು ಅನ್ನೋದೂ ಅಲ್ಲಿ ಎಲ್ಲರಿಗೂ ಗೊತ್ತು. ನಮ್ಮ ಓಣಿಗಳಿಗಿಂತ ಅದೇನು ಬೇರೆ, ಹೇಳಿ?

ಕನ್ನಡದಲ್ಲಿ ಇದನ್ನು ಸರಿಯಾಗಿ ಮಾಡಿದವರು ತೇಜಸ್ವಿ. 1994ರ 'ಜುಗಾರಿ ಕ್ರಾಸ್' ತೆಗೆದು ನೋಡಿ. ಏಲಕ್ಕಿ ಮಾರಲು ಹೊರಟ ಗಂಡ ಹೆಂಡತಿ, ಒಂದು ದಿನದೊಳಗೆ ಅವರ ಮೈಮೇಲೆ ಬಂದು ಬೀಳುವ ಗಂಡಾಂತರ. ಮೂಡಿಗೆರೆಯಲ್ಲಿ ತೋಟ ಮಾಡಿದ ಮನುಷ್ಯ ಕಣ್ಣೆದುರಿಗಿದ್ದ ಕಾಡು ಮತ್ತು ವ್ಯಾಪಾರದಿಂದಲೇ ಥ್ರಿಲ್ಲರ್ ಮಾಡಿದರು. ಆ ಕಥೆಯನ್ನು ಎತ್ತಿ ಬಳ್ಳಾರಿಯಲ್ಲಿ ಇಡೋಕೆ ಆಗಲ್ಲ. ಹೀಗಿರಬೇಕು.

ಹಾಗಾದರೆ ನಮ್ಮಲ್ಲಿ ಏನಿದೆ? ಏನಿಲ್ಲ ಅಂತ ಕೇಳಿ! ಎಪಿಎಂಸಿ ಒಂದೇ ಸಾಕು. ಮೆಕ್ಕೆಜೋಳದ ಸುಗ್ಗಿಯಲ್ಲಿ ಒಂದು ಸುತ್ತು ಹಾಕಿ ಬನ್ನಿ. ರೈತ, ದಲ್ಲಾಳಿ, ಖರೀದಿದಾರ, ಹಮಾಲ, ತೂಕದವನು, ಲಾರಿ ಡ್ರೈವರ್, ಗುಮಾಸ್ತ. ಪ್ರತಿಯೊಬ್ಬರ ಹತ್ತಿರವೂ ಒಂದು ಚೀಟಿ ಇರುತ್ತದೆ. ಯಾವ ಲಾರಿ ಯಾವಾಗ ಒಳಗೆ ಬಂತು, ಎಷ್ಟು ಚೀಲ ಇಳಿಯಿತು, ಎಷ್ಟು ತೂಗಿತು, ಎಲ್ಲಾ ಬರವಣಿಗೆಯಲ್ಲಿ. ಪತ್ತೇದಾರನಿಗೆ ಇನ್ನೇನು ಬೇಕು? ಲೆಕ್ಕದ ಪುಸ್ತಕದಲ್ಲಿ ಎರಡು ಚೀಲ ಜಾಸ್ತಿ ಬಂದಿದೆ ಅಂತ ಒಬ್ಬ ವಯಸ್ಸಾದ ಗುಮಾಸ್ತ ಕನ್ನಡಕ ಏರಿಸಿ ನೋಡಿದರೆ ಸಾಕು, ನನ್ನ ನಿದ್ದೆ ಹೋಯಿತು. ಭೂತಗನ್ನಡಿ ಹಿಡಿದ ಯಾವ ಇಂಗ್ಲಿಷ್ ಜಾಣನೂ ಆ ಗುಮಾಸ್ತನಿಗೆ ಸಮ ಅಲ್ಲ.

ರೈಲ್ವೆ ಗೇಟು ನೆನಪಿಸಿಕೊಳ್ಳಿ. ಅಶೋಕ ಟಾಕೀಸ್ ಹತ್ತಿರದ ಗೇಟಿನಲ್ಲಿ ನಿಂತು ಬೈಯದ ದಾವಣಗೆರೆಯವರು ಇದ್ದಾರಾ? ಕಥೆಯನ್ನು ಮೀಟರ್ ಗೇಜ್ ಕಾಲದಲ್ಲಿ ಇಡಿ. "ಆ ಹೊತ್ತಿಗೆ ನಾನು ಗೇಟಿನ ಆಚೆ ಇದ್ದೆ, ರೈಲು ಬಂತು, ದಾಟೋಕೆ ಆಗಲಿಲ್ಲ" ಅಂತ ಒಬ್ಬ ಹೇಳುತ್ತಾನೆ. ಊರೆಲ್ಲಾ ನಂಬುತ್ತದೆ, ಯಾಕೆ ಅಂದರೆ ಊರೆಲ್ಲಾ ಅಲ್ಲಿ ಕಾದಿದೆ. ಆದರೆ ಅವತ್ತು ಆ ರೈಲು ಬಂದಿತ್ತಾ? ಗೇಟ್‌ಮನ್ ಪುಸ್ತಕದಲ್ಲಿ ಏನಿದೆ? ಗೇಟಿನ ಪಕ್ಕ ಮಿರ್ಚಿ ಕರಿಯುವ ಅಜ್ಜಿ ಏನು ಕಂಡಳು? ಇದು ಬೇರೆ ಯಾವ ಊರಲ್ಲೂ ನಮ್ಮೂರಷ್ಟು ಚೆನ್ನಾಗಿ ಕೂರುವುದಿಲ್ಲ.

ಭದ್ರಾ ನಾಲೆ ಇನ್ನೊಂದು. ಬೇಸಿಗೆ ಬೆಳೆಗೆ ಸರದಿಯಲ್ಲಿ ನೀರು ಬಿಡುತ್ತಾರೆ, ನಿಲ್ಲಿಸುತ್ತಾರೆ. ನೀರು ಯಾವತ್ತು ಬಿಟ್ಟರು, ಕೊನೆ ಭಾಗಕ್ಕೆ ಯಾವತ್ತು ಮುಟ್ಟಿತು ಅನ್ನೋದು ಅಲ್ಲಿಯ ರೈತರಿಗೆ ತಮ್ಮ ಮಕ್ಕಳ ಹುಟ್ಟಿದ ದಿನಕ್ಕಿಂತ ಚೆನ್ನಾಗಿ ಗೊತ್ತು. ನಾಲೆಯಲ್ಲಿ ಸಿಕ್ಕ ಹೆಣ ಎಲ್ಲಿಂದ ಹೊರಟಿತು ಅಂತ ಲೆಕ್ಕ ಹಾಕುವುದಕ್ಕೆ ಡಿಟೆಕ್ಟಿವ್ ಬೇಡ, ನೀರಿಗೆ ಕಾದು ಕೂತ ಒಬ್ಬ ಭತ್ತದ ರೈತ ಸಾಕು.

ಸರಿ, ಚಿತ್ರದುರ್ಗದವರು ಈಗ ಕೋಟೆ ಕೋಟೆ ಅಂತ ಕೂಗುತ್ತೀರಿ. ದಯವಿಟ್ಟು ಕೋಟೆ ಬೇಡ. 1929ರಲ್ಲಿ ರೊನಾಲ್ಡ್ ನಾಕ್ಸ್ ಅನ್ನುವ ಪಾದ್ರಿ ಪತ್ತೇದಾರಿ ಕಥೆಗೆ ಹತ್ತು ನಿಯಮ ಬರೆದರು. ಅವರೂ ಇಂಥ ಕಾದಂಬರಿ ಬರೆಯುತ್ತಿದ್ದವರೇ. ಪತ್ತೇದಾರ ಕಂಡ ಸುಳಿವು ಓದುಗನಿಗೂ ಕಾಣಬೇಕು, ಆಕಸ್ಮಿಕವಾಗಿ ಉತ್ತರ ಹೊಳೆಯಬಾರದು, ಹೀಗೆ. ಅದರಲ್ಲಿ ಒಂದು ನಿಯಮ, ಗುಪ್ತ ಕೋಣೆಯಾಗಲಿ ಗುಪ್ತ ದಾರಿಯಾಗಲಿ ಒಂದಕ್ಕಿಂತ ಹೆಚ್ಚು ಇರಬಾರದು. ದುರ್ಗದ ಕೋಟೆಯಲ್ಲಿ ಗೈಡುಗಳು 35 ಗುಪ್ತ ದ್ವಾರ ಲೆಕ್ಕ ಹೇಳುತ್ತಾರೆ. ಪಾದ್ರಿ ಎದೆ ಒಡೆದು ಸಾಯುತ್ತಿದ್ದರು! ಅಲ್ಲದೆ ಓಬವ್ವನ ಕಿಂಡಿಯ ಮುಂದೆ ಯಾವ ಲೇಖಕನ ಕಲ್ಪನೆ ನಿಲ್ಲುತ್ತದೆ? ಒಬ್ಬೊಬ್ಬರಾಗಿ ನುಸುಳಿ ಬಂದವರು, ಒನಕೆ ಹಿಡಿದು ಕಾದವಳು. ಅದಕ್ಕಿಂತ ರೋಚಕವಾಗಿ ಬರೆಯೋಕೆ ಹೋಗಿ ಮರ್ಯಾದೆ ಕಳೆದುಕೊಳ್ಳಬಾರದು.

ಹಿರಿಯೂರಿನ ವಾಣಿವಿಲಾಸ ಸಾಗರ ತಗೊಳ್ಳಿ. ನಮ್ಮ ಹಿರಿಯರ ಬಾಯಲ್ಲಿ ಮಾರಿಕಣಿವೆ. 1933ರಲ್ಲಿ ಕೋಡಿ ಬಿದ್ದ ಜಲಾಶಯ ಮತ್ತೆ ಕೋಡಿ ಬಿದ್ದದ್ದು 2022ರಲ್ಲಿ. ಅಷ್ಟರಲ್ಲಿ ಬಹಳಷ್ಟು ವರ್ಷ ಹೊಸದುರ್ಗದ ಕಡೆ ಹಿನ್ನೀರಿನ ಅಂಚು ಒಣಗಿ ಕೂತಿತ್ತು. ಈ ಕೆರೆ ನಮ್ಮ ಕಾಲದಲ್ಲಂತೂ ತುಂಬಲ್ಲ ಅಂತ ನಂಬಿ ಯಾರೋ ಅಲ್ಲಿ ಏನನ್ನೋ ಹೂತಿಟ್ಟಿದ್ದಾನೆ ಅಂದುಕೊಳ್ಳಿ. ಈಗ ನೀರು ಏರುತ್ತಿದೆ. ಹೂತಿಟ್ಟವನಿಗೆ ಎಪ್ಪತ್ತು ವರ್ಷ, ಮೊಣಕಾಲು ನೋವು. ಇನ್ನೊಬ್ಬನಿಗೂ ಆ ಜಾಗ ಗೊತ್ತು. ಇದು ಪತ್ತೇದಾರಿ ಅಲ್ಲ, ಥ್ರಿಲ್ಲರ್. ಪತ್ತೇದಾರಿಯಲ್ಲಿ ಆಗಿಹೋದದ್ದನ್ನು ಹುಡುಕುತ್ತೇವೆ, ಥ್ರಿಲ್ಲರಿನಲ್ಲಿ ಆಗಲಿರುವುದಕ್ಕೆ ಹೆದರುತ್ತೇವೆ. ನನಗೆ ಮೊದಲನೆಯದೇ ಇಷ್ಟ. ಆದರೆ ಈ ಮುದುಕನ ಕಥೆ ಯಾರಾದರೂ ಬರೆದರೆ ಪಕ್ಷ ಬದಲಿಸುತ್ತೇನೆ.

"ಈಗ ಸಿಸಿಟಿವಿ, ಟವರ್ ಲೊಕೇಶನ್ ಎಲ್ಲಾ ಬಂದ ಮೇಲೆ ಪತ್ತೇದಾರ ಯಾಕ್ರೀ" ಅಂತ ನನ್ನ ಮಗ ಕೇಳುತ್ತಾನೆ. ಟವರ್ ಹೇಳುವುದು ಫೋನು ಎಲ್ಲಿತ್ತು ಅಂತ. ಮನುಷ್ಯ ಎಲ್ಲಿದ್ದ ಅಂತ ಅಲ್ಲ. ಫೋನು ಅಂಗಡಿಯಲ್ಲಿ ಚಾರ್ಜಿಗೆ ಹಾಕಿದ್ದರೆ? ಹೊಸ ಯಂತ್ರ ಬಂದಷ್ಟೂ ಸುಳ್ಳು ಹೇಳುವ ಹೊಸ ದಾರಿ ಬರುತ್ತವೆ. ಅಷ್ಟಕ್ಕೂ ದಾವಣಗೆರೆ ಪೊಲೀಸರ ತುಂಗಾ ನೆನಪಿದೆ ತಾನೆ? ಡಾಬರ್ಮನ್ ನಾಯಿ. 2019ರಲ್ಲಿ ಹತ್ತು ಕಿಲೋಮೀಟರಿಗೂ ಜಾಸ್ತಿ ಓಡಿ ಕೊಲೆ ಆರೋಪಿಯ ಜಾಡು ಹಿಡಿಯಿತು, ಪೇಪರಿನಲ್ಲೆಲ್ಲಾ ಬಂತು. ಯಾವ ಟವರೂ ಅಲ್ಲ, ಮೂಗು. ನಮ್ಮೂರಿನ ಅತ್ಯುತ್ತಮ ಪತ್ತೇದಾರಿ ಅವಳೇ. ಅವಳ ಮೇಲೂ ಒಂದು ಕಾದಂಬರಿ ಇಲ್ಲ ನೋಡಿ.

ನೀವೇ ಬರೀರಿ ಅಂತ ಹೇಳುವವರಿಗೆ ಮೊದಲೇ ಹೇಳಿಬಿಡುತ್ತೇನೆ, ಆಗಲ್ಲ. ಹೆಣ ಬೀಳಿಸುವುದು ಸುಲಭ. ಕೊನೇ ಅಧ್ಯಾಯದಲ್ಲಿ ಎಲ್ಲಾ ಗಂಟು ಬಿಚ್ಚಿ, ಓದುಗನಿಗೆ "ಅಯ್ಯೋ, ಇದು ನನ್ನ ಕಣ್ಣೆದುರಿಗೇ ಇತ್ತಲ್ಲಾ" ಅನಿಸಬೇಕು. ಈಗಿನ ವೆಬ್ ಸೀರೀಸುಗಳಂತೆ ಕೊನೇ ಹತ್ತು ನಿಮಿಷದಲ್ಲಿ ಎಲ್ಲಿಂದಲೋ ಅವಳಿ ತಮ್ಮನನ್ನು ತಂದು ನಿಲ್ಲಿಸಿದರೆ ನಾನು ಒಪ್ಪಲ್ಲ. ಅದು ಟ್ವಿಸ್ಟ್ ಅಲ್ಲ, ಮೋಸ.

ದಾವಣಗೆರೆ, ಹರಿಹರ, ದುರ್ಗ, ಹಿರಿಯೂರು, ಚಳ್ಳಕೆರೆ, ಈ ಕಡೆಯ ಊರುಗಳಲ್ಲಿ ನಡೆಯುವ ಪತ್ತೇದಾರಿ ಕಾದಂಬರಿ ನಿಮಗೆ ಗೊತ್ತಿದ್ದರೆ ಹೆಸರು ಹೇಳಿ. ಹಳೆಯದಾದರೂ ಸರಿ, ರಟ್ಟು ಇಲ್ಲದಿದ್ದರೂ ಸರಿ. ಕೊಲೆಗಾರ ಯಾರು ಅಂತ ಮಾತ್ರ ಬರೆಯಬೇಡಿ.