ಮೈಟೊಕಾಂಡ್ರಿಯಾಕ್ಕೂ ಒಂದು ಫೋನ್ ನಂಬರ್

ಮೇಷ್ಟ್ರುಗಳ ವಾಟ್ಸಾಪ್ ಗ್ರೂಪುಗಳಲ್ಲಿ ಓಡಾಡುವ ಆ ಜೀವಕೋಶದ ಚಿತ್ರ ನಿಮಗೂ ಬಂದಿರುತ್ತದೆ. ನಡುವೆ ಕೋಶಕೇಂದ್ರ, ಅದರ ಮೇಲೆ ಓರೆಯಾಗಿ ಯಾವುದೋ ಕೋಚಿಂಗ್ ಸೆಂಟರಿನ ಹೆಸರು, ಫೋನ್ ನಂಬರ್, ಟೆಲಿಗ್ರಾಂ ಚಾನೆಲ್. ಕೆಳಗೆ ಕೆಂಪಕ್ಷರದಲ್ಲಿ ‘ನಕಲು ಮಾಡಿದರೆ ಕಾನೂನು ಕ್ರಮ’. ಮೈಟೊಕಾಂಡ್ರಿಯಾ ಎಲ್ಲಿ ಅಂತ ಹುಡುಕಿದರೆ ಫೋನ್ ನಂಬರಿನ ಎರಡು ಎಂಟುಗಳ ಹಿಂದೆ ಅವಿತು ಕೂತಿದೆ. ಜೀವಕೋಶಕ್ಕೆ ಶಕ್ತಿ ಕೊಡುವುದು ಮೈಟೊಕಾಂಡ್ರಿಯಾವೋ ಕೋಚಿಂಗ್ ಸೆಂಟರೋ ಅಂತ ಮಕ್ಕಳಿಗೆ ಅನುಮಾನ ಬಂದರೆ ತಪ್ಪೇನು?

ಇಂಥ ಚಿತ್ರಗಳ ಮೂಲ ಹುಡುಕಿಕೊಂಡು ಹೋದರೆ ಎಷ್ಟೋ ಸಲ ವಿಕಿಮೀಡಿಯಾ ಕಾಮನ್ಸ್‌ಗೆ ತಲುಪುತ್ತೀರಿ. ಯಾರು ಬೇಕಾದರೂ ಬಳಸಬಹುದಾದ ಚಿತ್ರಗಳಿಗೆ ಅಂತ 2004ರಲ್ಲಿ ಶುರುವಾದ ಆನ್‌ಲೈನ್ ಉಗ್ರಾಣ ಅದು. ಈಗ ಅಲ್ಲಿ 10 ಕೋಟಿಗೂ ಜಾಸ್ತಿ ಕಡತಗಳಿವೆ. ಪ್ರಾಣಿ ಜೀವಕೋಶದ ಹೆಸರುವಾಸಿ ಚಿತ್ರವೊಂದನ್ನು ಅಲ್ಲಿ ಬಿಡಿಸಿಟ್ಟದ್ದು ‘ಲೇಡಿಆಫ್‌ಹ್ಯಾಟ್ಸ್’ ಅನ್ನುವ ಹೆಸರಿನ ಮೆಕ್ಸಿಕೋದ ಕಲಾವಿದೆ. ಕಾಸು ಬೇಡ, ನನ್ನ ಹೆಸರೂ ಹಾಕಬೇಕಿಲ್ಲ, ಏನು ಬೇಕಾದರೂ ಮಾಡಿಕೊಳ್ಳಿ ಅಂತ ಲೋಕಕ್ಕೇ ಬಿಟ್ಟುಕೊಟ್ಟರು. ನಮ್ಮವರು ಅವರ ಮಾತನ್ನು ಅಕ್ಷರಶಃ ಪಾಲಿಸಿದ್ದಾರೆ. ಅವರ ಹೆಸರು ಹಾಕಲಿಲ್ಲ, ತಮ್ಮದು ಹಾಕಿಕೊಂಡರು. ಅದಕ್ಕೆ ಕಾನೂನಿನ ಅಡ್ಡಿಯೂ ಇಲ್ಲ ಬಿಡಿ. ಆದರೆ ಊರ ಬಾವಿಗೆ ಬೀಗ ಹಾಕಿ, ನೀರು ಸೇದಲು ಬಂದವರನ್ನೇ ಕಳ್ಳ ಅನ್ನುವ ಆ ಧೈರ್ಯವನ್ನು ಮೆಚ್ಚಲೇಬೇಕು.

ಇದು ನಮ್ಮಲ್ಲಿ ಮಾತ್ರ ಅಂದುಕೊಳ್ಳಬೇಡಿ, ಈ ವಿಷಯದಲ್ಲಿ ಅಮೆರಿಕ ನಮಗಿಂತ ಮುಂದೆ. ಕ್ಯಾರಲ್ ಹೈಸ್ಮಿತ್ ಅನ್ನುವ ಛಾಯಾಗ್ರಾಹಕಿ ತಾನು ತೆಗೆದ ಸಾವಿರಾರು ಫೋಟೋಗಳನ್ನು ಅಲ್ಲಿನ ಲೈಬ್ರರಿ ಆಫ್ ಕಾಂಗ್ರೆಸ್‌ಗೆ ಕೊಟ್ಟು, ಎಲ್ಲರೂ ಬಳಸಲಿ ಅಂದರು. ಒಂದು ದಿನ ವಸೂಲಿ ಏಜೆನ್ಸಿಯೊಂದರಿಂದ ಅವರಿಗೇ ಪತ್ರ ಬಂತು. ನಿಮ್ಮ ವೆಬ್‌ಸೈಟಿನಲ್ಲಿ ಅನುಮತಿ ಇಲ್ಲದೆ ಒಂದು ಫೋಟೋ ಹಾಕಿದ್ದೀರಿ, 120 ಡಾಲರ್ ಕಟ್ಟಿ! ಯಾರ ಫೋಟೋ? ಅವರದ್ದೇ. ಸಿಟ್ಟಿಗೆದ್ದು 2016ರಲ್ಲಿ ಫೋಟೋ ಮಾರುವ ಕಂಪನಿ ಗೆಟ್ಟಿ ಇಮೇಜಸ್ ಮತ್ತಿತರರ ಮೇಲೆ 100 ಕೋಟಿ ಡಾಲರಿಗೆ ದಾವೆ ಹಾಕಿದರು. ಹಕ್ಕುಸ್ವಾಮ್ಯದ ವಾದ ಅದೇ ವರ್ಷ ಕೋರ್ಟಿನಲ್ಲಿ ಬಿದ್ದುಹೋಯಿತು. ದಾನ ಕೊಟ್ಟವರು ತೆಪ್ಪಗಿರಬೇಕು, ಅಷ್ಟೇ.

ಇನ್ನು ನಮ್ಮ ಸರ್ಕಾರಿ ವೆಬ್‌ಸೈಟುಗಳ ಔದಾರ್ಯ ನೋಡಿ. ಎಷ್ಟೋ ತಾಣಗಳ ಕೆಳಗೆ ಒಂದು ಸಾಲು ಇರುತ್ತದೆ: ಇಲ್ಲಿನದನ್ನು ಉಚಿತವಾಗಿ ಬಳಸಬಹುದು, ಆದರೆ ಮೊದಲು ಮೇಲ್ ಕಳಿಸಿ ಅನುಮತಿ ಪಡೆಯಿರಿ. ನಾನೂ ಒಂದು ಇಲಾಖೆಗೆ ರಾಗಿ ತೆನೆಯ ಫೋಟೋ ಬೇಕು ಅಂತ ಸವಿನಯವಾಗಿ ಬರೆದೆ. ಮೇಲ್ ಬೌನ್ಸ್ ಆಯಿತು. ಅಂದರೆ ಫೋಟೋ ಉಚಿತವಾಗಿದೆ, ಅನುಮತಿಯೂ ಸಿಗುತ್ತದೆ, ಕೊಡುವವರ ವಿಳಾಸ ಮಾತ್ರ ಇಲ್ಲ. ನಾಸಾ ತೆಗೆದ ಫೋಟೋಗಳಿಗೆ ಸಾಮಾನ್ಯವಾಗಿ ಹಕ್ಕುಸ್ವಾಮ್ಯವೇ ಇಲ್ಲ. 1972ರಲ್ಲಿ ಅಪೊಲೊ 17ರಿಂದ ತೆಗೆದ ಇಡೀ ಭೂಮಿಯ ಫೋಟೋವನ್ನು ಯಾವ ಮೇಷ್ಟ್ರು ಬೇಕಾದರೂ ಗೋಡೆಗೆ ಅಂಟಿಸಬಹುದು. ಆದರೆ ನಮ್ಮ ಸರ್ಕಾರದ ಕೃತಿಗಳಿಗೆ ಪ್ರಕಟವಾದ ಮೇಲೆ 60 ವರ್ಷ ಹಕ್ಕುಸ್ವಾಮ್ಯ. ಭೂಮಿ ಸುಲಭವಾಗಿ ಸಿಗುತ್ತದೆ, ರಾಗಿ ತೆನೆ ಸಿಗುವುದಿಲ್ಲ.

ಕ್ಲಾಸಿನಲ್ಲಿ ಪಾಠಕ್ಕೆ ಅಂತ ಮೇಷ್ಟ್ರು ಚಿತ್ರ ತೋರಿಸುವುದು ತಪ್ಪಲ್ಲ, 1957ರ ಹಕ್ಕುಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್ ಅದಕ್ಕೆ ಅವಕಾಶ ಕೊಟ್ಟಿದೆ. ಆದರೆ ತೋರಿಸಲು ಏನಿದೆ? ಹ ಅಂದರೆ ಹಸು, ಚಿತ್ರದಲ್ಲಿ ಕಪ್ಪು ಬಿಳಿ ಮಚ್ಚೆಯ ವಿದೇಶಿ ತಳಿ ಹೋಲ್‌ಸ್ಟೈನ್. ನಮ್ಮದೇ ತಳಿ ಮಲೆನಾಡು ಗಿಡ್ಡ ಎದುರಿಗೇ ಮೇಯುತ್ತಿದ್ದರೂ ಮಗು ಅದನ್ನು ಬೇರೆ ಏನೋ ಅಂದುಕೊಳ್ಳುತ್ತದೆ. ರೈತ ಅಂತ ಹುಡುಕಿ, ಹುಲ್ಲಿನ ಹ್ಯಾಟು ಹಾಕಿಕೊಂಡ ದೊರೆ ಟ್ರ್ಯಾಕ್ಟರ್ ಮೇಲೆ ನಗುತ್ತಾನೆ, ಪಾಪ ಅವನಿಗೆ ಸಾಲ ಇಲ್ಲ ಅನ್ನಿಸುತ್ತದೆ. ಜಲಚಕ್ರದ ಚಿತ್ರದಲ್ಲಂತೂ ಹಿಮದ ಬೆಟ್ಟ, ಪೈನ್ ಮರ ಇರಲೇಬೇಕು. ರಾಯಚೂರಿನ ಹುಡುಗ ಹಿಮ ಕರಗಿ ನೀರು ಬರುತ್ತದೆ ಅಂತ ಬರೆದು ಫುಲ್ ಮಾರ್ಕ್ಸ್ ತೆಗೆದುಕೊಳ್ಳುತ್ತಾನೆ. ಅವನೂರಿನ ಪಕ್ಕ ಹರಿಯುವ ನೀರು ಆಗುಂಬೆ ಕಡೆ ಮಳೆಯಾಗಿ ಬಿದ್ದು, ತುಂಗೆ ಸೇರಿ, ಕೂಡಲಿಯಲ್ಲಿ ಭದ್ರೆಯ ಜೊತೆಯಾಗಿ, ಹೊಸಪೇಟೆ ಡ್ಯಾಮ್ ದಾಟಿ ಬಂದದ್ದು. ಆ ದಾರಿಯ ಚಿತ್ರವನ್ನು ಯಾರು ಬರೆಯಬೇಕು? ಮೆಕ್ಸಿಕೋದ ಕಲಾವಿದೆಯೇ?

ನಗು ಸಾಕು. ಪಠ್ಯಪುಸ್ತಕದ ಚಿತ್ರ ಬರೆದವರಿಗೆ ದುಡ್ಡು ಕೊಟ್ಟದ್ದು ಜನರ ತೆರಿಗೆಯಿಂದ. ಆ ಚಿತ್ರ ಮತ್ತೆ ಯಾರಿಂದ ಬಚ್ಚಿಡಬೇಕು, ಸರ್ಕಾರಿ ಶಾಲೆಯ ಮೇಷ್ಟ್ರಿಂದಲೇ? ‘ಕರ್ನಾಟಕ ಮುಕ್ತ ಶೈಕ್ಷಣಿಕ ಸಂಪನ್ಮೂಲ’ ಅನ್ನುವ ತಾಣವನ್ನು ಶಿಕ್ಷಕರೇ ಕೈಜೋಡಿಸಿ ಬೆಳೆಸಿದ್ದಾರೆ. ಪುಸ್ತಕದ ಚಿತ್ರಗಳ ಮೂಲ ಕಡತಗಳನ್ನು ಅಲ್ಲಿಗೆ ಸುರಿದುಬಿಡಲು ಒಂದು ಆದೇಶ ಸಾಕು. ಟೆಂಡರ್ ಬೇಡ, ಉದ್ಘಾಟನೆ ಬೇಡ. ಅದಕ್ಕೇ ಆಗುತ್ತಿಲ್ಲವೋ ಏನೋ.